ಆರಾಮಾಗಿರ್ತಾರೆ ಅಂದರು

ನನಗೆ ಸಂಶಯ ಜಾಸ್ತಿ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಸ್ಸಿನ ಹಣೆಯ ಮೇಲೆ ಬಾಗಲಕೋಟೆ ಎಂದು ಬರೆದಿದ್ದರೂ ಕಂಡಕ್ಟರನನ್ನು ಒಮ್ಮೆ, ಪಕ್ಕದಲ್ಲಿ ಕುಳಿತವನನ್ನು ಒಮ್ಮೆ ಕೇಳಿದ ಮೇಲೆಯೇ ಚೀಲ ಕೆಳಗಿಡುವವ ನಾನು. ಹುನಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ, ಹುಡುಗರ ಕಾಪಿ ಹಿಡಿದು ಹಿಡಿದು ಬಂದ ಗುಣವಿರಬೇಕು ಎಂದುಕೊಂಡಿದ್ದೆ. ನನ್ನ ಅಕ್ಕ ಒಪ್ಪುತ್ತಿರಲಿಲ್ಲ. "ತೊಟ್ಟಲದಾಗ ಇದ್ದಾಗಿಂದನೂ ನೀ ಹಿಂಗ. ಹಾಲು ಕುಡಸಾಕ ಬಂದ್ರ ಮೊದಲ ಅವ್ವನ ಮಾರಿ ನೋಡ್ತಿದ್ದಿ," ಎನ್ನುತ್ತಿದ್ದಳು.

ಅಕ್ಕ ಇದ್ದದ್ದು ಗುಳೇದಗುಡ್ಡದಲ್ಲಿ. ಗಂಡ ತೀರಿಕೊಂಡ ಮೇಲೂ ಮನೆಯ ಮಗ್ಗದಲ್ಲಿ ಕುಪ್ಪಸದ ಖಣ ನೇಯುವುದನ್ನು ಬಿಟ್ಟಿರಲಿಲ್ಲ. ಮಕ್ಕಳಿರಲಿಲ್ಲ, ಹೀಗಾಗಿ ದೊಡ್ಡ ಮಾತಿಗೆಲ್ಲ ನಾನೇ ಬೇಕು. ಒಂದು ಬೇಸಿಗೆಯಲ್ಲಿ ಹೋದಾಗ ಆಕೆ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಕಿವುಚಿ, ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಕಟಕ್ ರೊಟ್ಟಿಯನ್ನು ಸದ್ದು ಮಾಡಿ ಕಡಿದು ತಿನ್ನುವ ಹೆಂಗಸು ಅದು!

"ಹಲ್ಲಿನ ಬ್ಯಾನಿ, ತಮ್ಮಾ," ಎಂದಳು.

ಸುಳ್ಳು ಎಂದು ಗೊತ್ತಾಯಿತು. ಮರುದಿನವೇ ಬಾಗಲಕೋಟೆಯ ಒಂದು ದವಾಖಾನೆಗೆ ಕರೆದುಕೊಂಡು ಹೋದೆ. ಗಂಟಲಲ್ಲಿ ಕೊಳವೆ ಇಳಿಸಿ ನೋಡಿದರು, ಚೂರು ತೆಗೆದು ತಪಾಸಣೆಗೆ ಕಳಿಸಿದರು. ವಾರದ ಮೇಲೆ ಹೇಳಿದರು: ಅನ್ನನಾಳದ ಕ್ಯಾನ್ಸರ್.

ಅಲ್ಲಿಯ ದೊಡ್ಡ ಡಾಕ್ಟರು ನಮ್ಮ ಕಡೆಯವರೇ. "ನೋಡ್ರಿ ಸರ, ಮೊದಲ ಕಿಮೋ, ಜೊತಿಗೆ ಕರೆಂಟ, ಅಂದ್ರ ರೇಡಿಯೇಷನ್, ಕೊಡೂದು, ಆಮ್ಯಾಲೆ ಆಪರೇಷನ್. ಕೆಟ್ಟ ಭಾಗ ತಗದು ಹೊಟ್ಟಿನ್ನ ಮ್ಯಾಲೆ ಎಳದು ಜೋಡಸ್ತೀವಿ. ಗೆದ್ದರ ವರ್ಷಗಟ್ಟಲೆ ಇರ್ತಾರ. ಆದ್ರ ತ್ರಾಸ ಭಾಳ ಐತಿ. ಖಾತ್ರಿ ಹೇಳಾಕ ಬರಂಗಿಲ್ಲ," ಎಂದರು. ಖಾತ್ರಿಯಿಲ್ಲದ ಕೆಲಸಕ್ಕೆ ಎದೆ ಯಾಕೆ ಸೀಳಬೇಕು? ಮಾತಿನ ನಡುವೆ ಎರಡು ಸಲ ಫೋನ್ ಎತ್ತಿದರು. ಅದೂ ನನಗೆ ಸರಿಬರಲಿಲ್ಲ. ಇವರಿಗೆ ಅಕ್ಕ ಬೇಕೋ, ಕೊಯ್ಯಲು ಒಂದು ಮೈ ಬೇಕೋ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಬಾದಾಮಿ ಕಡೆ ಯಾರೋ ಬೇರಿನ ಪುಡಿ ಕೊಡುತ್ತಾರೆ ಎಂದು ಓಣಿಯವರು ಹೇಳಿದರು. ಅವರನ್ನೂ ಗದರಿಸಿ ಕಳಿಸಿದೆ.

ಅದೇ ಊರಿನ ಇನ್ನೊಂದು ದವಾಖಾನೆಗೆ ಹೋದೆವು. ಅಲ್ಲಿದ್ದವರು ಮೈಸೂರು ಕಡೆಯ ಹೆಣ್ಣುಮಗಳು, ಮೆಲುದನಿಯ ಡಾಕ್ಟರು. ನನ್ನ ಸಂಶಯಕ್ಕೆ ಹೆಣ್ಣು ಗಂಡು ಎಂಬ ಭೇದವಿಲ್ಲ. ಪರೀಕ್ಷೆ ನಡೆಯುತ್ತಿರುವಾಗಲೇ ಹೊರಗೆ ಬಂದು, ಎದುರಿನ ಔಷಧದ ಅಂಗಡಿಯವನ ಹತ್ತಿರ ಅವರ ಕುಲಗೋತ್ರವೆಲ್ಲ ವಿಚಾರಿಸಿದೆ. "ಛಲೋ ಡಾಕ್ಟರ ಅದಾರ್ರಿ," ಎಂದ. ಇವನಿಗೂ ಅವರಿಗೂ ಏನು ಸಂಬಂಧವೋ ಎಂದುಕೊಳ್ಳುತ್ತ ಒಳಗೆ ಬಂದೆ.

"ಅಮ್ಮನಿಗೆ ವಯಸ್ಸಾಗಿದೆ, ತೂಕ ತುಂಬಾ ಇಳಿದಿದೆ," ಎಂದರು ಡಾಕ್ಟರು. "ಅನ್ನನಾಳದಲ್ಲಿ ಒಂದು ಜಾಲರಿ ಕೊಳವೆ ಕೂರಿಸಿ ದಾರಿ ಬಿಡಿಸೋಣ. ಸ್ವಲ್ಪ ದಿನ ಕರೆಂಟ್ ಕೊಡೋಣ. ಮೆತ್ತಗಿನ ಊಟ ನುಂಗೋಕಾಗುತ್ತೆ. ಮನೇಲಿ ಆರಾಮಾಗಿರ್ತಾರೆ."

ಆರಾಮ! ನಮ್ಮಲ್ಲಿ ಜ್ವರ ಬಂದರೆ "ಆರಾಮ ಇಲ್ಲ", ಜ್ವರ ಬಿಟ್ಟರೆ "ಆರಾಮ ಆತು". ಹುನಗುಂದದಿಂದ ಇಳಕಲ್ಲಿನವರೆಗೆ ಯಾರನ್ನು ಕೇಳಿದರೂ ಅಷ್ಟೇ, ಆರಾಮ ಆಯಿತೆಂದರೆ ರೋಗ ಹೋಯಿತು. ಆ ಮಾತು ಕಿವಿಗೆ ಬಿದ್ದದ್ದೇ ನನ್ನ ಎದೆ ಹಗುರಾಯಿತು. ಡಾಕ್ಟರು ಇನ್ನೂ ಏನೇನೋ ಹೇಳುತ್ತಿದ್ದರು, ನಾನು ತಲೆಯಾಡಿಸಿದೆನೇ ಹೊರತು ಕೇಳಲಿಲ್ಲ. ಅಕ್ಕ ಸೆರಗಿನ ಅಂಚು ತೀಡುತ್ತ ಕುಳಿತಿದ್ದಳು.

ಮನೆಗೆ ಬಂದು ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಆಪರೇಷನ್: ಸೀಳುವುದು, ತಿಂಗಳುಗಟ್ಟಲೆ ನರಳುವುದು, ಖಾತ್ರಿ ಇಲ್ಲ. ಬಲಕ್ಕೆ ಕೊಳವೆ: ಸೀಳುವುದಿಲ್ಲ, ಊಟ ಸೇರುತ್ತದೆ, ಆರಾಮ ಆಗುತ್ತದೆ. ಲೆಕ್ಕ ಇಷ್ಟು ಸಲೀಸಾಗಿ ಬಿಡಿಸಿದ್ದು ನನಗೆ ನೆನಪಿಲ್ಲ. ಅಕ್ಕನಿಗೆ ಓದಿ ಹೇಳಿದೆ.

"ನೀ ಹೇಳಿದ್ದ ಖರೆ," ಎಂದಳು.

ಕೊಳವೆ ಕೂರಿಸಿದರು, ಕರೆಂಟೂ ಆಯಿತು. ಅಕ್ಕ ನುಚ್ಚು ಮಜ್ಜಿಗೆ ಉಂಡಳು, ಶಾವಿಗೆ ಪಾಯಸ ಉಂಡಳು, ಮಾವಿನ ಶೀಕರಣೆ ಬಟ್ಟಲು ನೆಕ್ಕಿದಳು. ಮಗ್ಗದ ಮುಂದೆ ಕೂತು ನೆರೆಮನೆಯ ಸೊಸೆಗೆ ಕೈ ತಿದ್ದಿದಳು. ಅಕ್ಕನಿಗೆ ಆರಾಮ ಆತೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ದಸರೆ ಕಳೆದ ಮೇಲೆ ಆಕೆಯ ಕೈಬಳೆ ಮೊಣಕೈಗೆ ಜಾರತೊಡಗಿದವು. ಸಿಟ್ಟು ನೆತ್ತಿಗೇರಿತು. ಒಬ್ಬನೇ ಬಸ್ಸು ಹತ್ತಿ ಆ ಡಾಕ್ಟರ ಮುಂದೆ ನಿಂತೆ.

"ಏನ್ರಿ ಮೇಡಂ, ಆರಾಮ ಆಗ್ತಾರ ಅಂದಿದ್ರಲ್ಲ! ಯಾಕ ಸುಳ್ಳ ಹೇಳಿದ್ರಿ?"

ಅವರು ಕುರ್ಚಿ ತೋರಿಸಿದರು. ನಾನು ಕೂಡಲಿಲ್ಲ. "ಸರ್, ಆರಾಮಾಗಿರ್ತಾರೆ ಅಂದೆ. ವಾಸಿಯಾಗುತ್ತೆ ಅನ್ನಲಿಲ್ಲ. ಇರೋವಷ್ಟು ದಿನ ನೋವಿಲ್ಲದೆ, ಊಟ ಮಾಡ್ಕೊಂಡು ಇರ್ತಾರೆ ಅಂತ. ಆಪರೇಷನ್ ತಡ್ಕೊಂಡಿದ್ರೆ ಹೆಚ್ಚು ಕಾಲ ಬದುಕೋ ಅವಕಾಶ ಇತ್ತು. ತಡ್ಕೋತಾರೆ ಅನ್ನೋ ಧೈರ್ಯ ನನಗಿರಲಿಲ್ಲ. ಅದನ್ನೂ ಅವತ್ತೇ ಹೇಳಿದೆ ಸರ್."

ಆಗ ಕುಳಿತೆ.

ಗುಳೇದಗುಡ್ಡಕ್ಕೆ ಹೋಗಿ ಅಕ್ಕನ ಮಂಚದ ಹತ್ತಿರ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಹೇಳುತ್ತ ಅತ್ತೆ. ಅರವತ್ತು ದಾಟಿದ ಗಂಡಸು, ಅಷ್ಟು ಬಿಕ್ಕಿದ್ದು ನನಗೇ ನಾಚಿಕೆ. "ಯಕ್ಕಾ, ನಾ ತಪ್ಪು ತಿಳಕೊಂಡ್ನಿ. ನಿನ್ನ ಜೀವ ನಾನ ಕಳದೆ."

"ಹುಚ್ಚಪ್ಪಾ, ಸುಮ್ಮನಿರು," ಎಂದಳು ಅಕ್ಕ. "ಅವತ್ತ ನೀ ಹೊರಗ ಹೋದಾಗನ ಡಾಕ್ಟರ ಕೊಳವಿ ಮಾತ ಎತ್ತಿದ್ರು, ನಾ ನರ್ಸಬಾಯಿನ್ನ ಕೇಳಿದ್ದೆ. ಆಕಿ ಕೆರೂರ ಕಡೀಕಿ, ನಮ್ಮ ಮಾತ ಆಡಾಕಿ. ಇದು ರೋಗ ಕಳಿಯೂದಲ್ಲಬೇ, ನುಂಗಾಕ ಸಲೀಸ ಮಾಡೂದು ಅಂತ ಬಿಡಿಸಿ ಹೇಳಿದ್ಲು. ನಿನಗ ಹೇಳಿದ್ರ ನೀ ನನ್ನ ಎದಿ ಕೊಯ್ಸತಿದ್ದಿ. ನನಗ ಬ್ಯಾಡಾಗಿತ್ತು. ಅದಕ್ಕ ಬಾಯಿ ಮುಚಗೊಂಡ ಕುಂತೆ."

ನನಗೆ ಉಸಿರು ಬಂದಂತಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು. ಆಕೆ ನನ್ನ ತಲೆ ಸವರಿ ಚಹಾ ಕೇಳಿದಳು.

ಸಂಕ್ರಾಂತಿಯ ಹೊತ್ತಿಗೆ ಅಕ್ಕ ಹೋದಳು, ಹೆಚ್ಚು ನರಳದೆ. ದಿನಕರ್ಮವೆಲ್ಲ ಮುಗಿದ ಮೇಲೆ ಒಂದು ವಿಚಾರ ತಲೆಹೊಕ್ಕಿತು. ಅವಳು ನಿಜವಾಗಿಯೂ ಆ ನರ್ಸನ್ನು ಕೇಳಿದ್ದಳೇ? ಅಥವಾ ನಾನು ಅಳುವುದನ್ನು ನೋಡಲಾರದೆ ಆ ಗಳಿಗೆಗೆ ಕಟ್ಟಿದ ಮಾತೇ? ಅವಳೂ ನನ್ನ ಹಾಗೆಯೇ ಗುಣವಾಗುತ್ತೇನೆ ಎಂದು ನಂಬಿಯೇ ತಿಂಗಳುಗಟ್ಟಲೆ ಉಂಡಳೇ?

ತಿಳಿಯುವುದು ಕಷ್ಟವಲ್ಲ. ನರ್ಸಬಾಯಿ ಇನ್ನೂ ಅಲ್ಲೇ ಇದ್ದಾಳೆ. ಒಮ್ಮೆ ಹೋಗಿ ದವಾಖಾನೆಯ ಬಾಗಿಲಲ್ಲಿ ನಿಂತೆ. ಅವಳು ಗುರುತು ಹಿಡಿದು ಹತ್ತಿರ ಬಂದು, "ಏನ್ರಿ ಸರ, ಏನರೆ ಕೇಳೂದಿತ್ತೇನ್ರಿ?" ಎಂದಳು.

"ಏನಿಲ್ಲವ್ವಾ," ಎಂದು ಬಂದುಬಿಟ್ಟೆ.