ಅಜ್ಜಿಗೆ ಸಲ್ಲಬೇಕಿದ್ದ ಕೊಬ್ಬರಿ ಬೆಲ್ಲ

ಮಾದಿಹಳ್ಳಿಯ ನಾದಿನಿಯ ಮನೆಯ ಕಪಾಟಿನಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ ಆ ಪುಸ್ತಕ ಕಂಡಾಗ ನಾನು ಮೊದಲು ನೋಡಿದ್ದು ಕೊನೆಯ ಪುಟಗಳು ಇವೆಯೋ ಇಲ್ಲವೋ ಎಂದು. ಇದ್ದವು. ಹೊಯ್ಸಳರ ಕಾಲದ ಕೊಲೆಯ ಕಥೆ, ಹಳೆಯ ಪತ್ತೇದಾರಿ ಕಾದಂಬರಿ. ಅಲ್ಲೇ ನೆಲದ ಮೇಲೆ ಕುಳಿತೆ. ಅರಸೀಕೆರೆಯ ಎದುರುಮನೆ ಅಜ್ಜಿ ನೆನಪಾದರು...

ನಾನು ಮದುವೆಯಾಗಿ ಅರಸೀಕೆರೆಗೆ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಕೊಬ್ಬರಿ ವ್ಯಾಪಾರಿಗಳ ಮನೆಯ ಹಿರಿಯರು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಸದಾ ಯಾವುದಾದರೊಂದು ಕೊಲೆ. ಕಣ್ಣಿಗೆ ಪೊರೆ ಬಂದು ಓದಲಾಗುತ್ತಿರಲಿಲ್ಲ. ನನಗೂ ಪತ್ತೇದಾರಿ ಕಾದಂಬರಿಯ ಹುಚ್ಚು ಎಂದು ತಿಳಿದದ್ದೇ ತಡ, ನನ್ನ ಮಧ್ಯಾಹ್ನಗಳೆಲ್ಲ ಅವರ ಪಾಲಾದವು. ಲೈಬ್ರರಿಯಿಂದ ತಂದು, ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಬೇಕು. ಅವರಿಗೆ ರಾಜರ ಕಾಲದ ಕಥೆಗಳೇ ಇಷ್ಟ. ಈಗಿನ ಪತ್ತೇದಾರರು ಎಲ್ಲವನ್ನೂ ಫೋನಿನಲ್ಲೇ ಮುಗಿಸುತ್ತಾರೆ ಎಂದು ದೂರುತ್ತಿದ್ದರು.

ನಮ್ಮದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಕೊನೆಯ ಅಧ್ಯಾಯಕ್ಕೆ ಮುಂಚೆ ಪುಸ್ತಕ ಮುಚ್ಚಿ, ಕೊಲೆಗಾರ ಯಾರೆಂದು ಇಬ್ಬರೂ ಹೇಳಬೇಕು. ಗೆದ್ದವರಿಗೆ ಕೊಬ್ಬರಿ ಬೆಲ್ಲ. ಸೋತವರಿಗೆ ಬರೀ ಕಾಫಿ. ಹೆಚ್ಚು ನಯವಾಗಿ ಮಾತಾಡುವವನೇ ಕೊಲೆಗಾರ ಎಂಬುದು ಅಜ್ಜಿಯ ಪಟ್ಟು. ಒಂದು ಸಲವೂ ಅದು ನಿಜವಾಗಲಿಲ್ಲ. ನಾನು ಬೆಲ್ಲ ಕಡಿಯುವಾಗ, ಬರೆದವನಿಗೇ ತಲೆ ಸರಿಯಿಲ್ಲ ಎನ್ನುತ್ತಿದ್ದರು.

ಆ ಹೊಯ್ಸಳರ ಕಾದಂಬರಿಗೆ ಮಾತ್ರ ಜಿದ್ದು ಏರಿತು. ಕಥೆ ನಡೆಯುವುದು ಅವರ ತವರು ಹಳೇಬೀಡಿನಲ್ಲಿ. ಶಿಲ್ಪಿಯನ್ನು ಕೊಂದವನು ನಯವಾದ ಮಾತಿನ ಅರಮನೆ ವೈದ್ಯ ಎಂದು ಅವರು, ಮುಂಗೋಪಿ ದಂಡನಾಯಕ ಎಂದು ನಾನು. ಎರಡು ದಿನ ವಾದ ಮಾಡಿದೆವು. ಮೂರನೆಯ ದಿನ ಪುಟ ತಿರುವಿದರೆ ಕೊನೆಯ ಅಧ್ಯಾಯವನ್ನು ಯಾರೋ ಹರಿದಿದ್ದರು. ಹಾಗೆಂದು ಹೇಳಬಹುದಿತ್ತು. ಹೇಳಲಿಲ್ಲ... ಬಾಯಿಗೆ ಬಂದದ್ದನ್ನು ಪೋಣಿಸಿ ಓದಿದಂತೆ ಮಾಡಿದೆ. ಸಂಜೆಯ ಬಿಸಿಲು ಹಳೇಬೀಡಿನ ಗುಡಿಯ ಗರ್ಭಗುಡಿಗೆ ಬಿದ್ದು ಶಿವಲಿಂಗದ ಹಿಂದೆ ಕಠಾರಿ ಹೊಳೆಯಿತು, ಅದು ದಂಡನಾಯಕನದ್ದು ಎಂದೆ. ಗೆಲ್ಲುವ ಆಸೆ, ಇನ್ನೇನು.

ಅಜ್ಜಿ ಬೆಲ್ಲ ಕೊಟ್ಟರು. ನಾನು ತಿಂದು ಮುಗಿಸಿದ ಮೇಲೆ, "ನಮ್ಮೂರ್ ಸಾಮಿ ಮೂಡ್ಲ ಕಡೀಕೆ ಮುಖ ಮಾಡೈತೆ ಕಣೇ. ಸಂಜೆ ಬಿಸ್ಲು ಎಂಗ್ ಒಳೀಕ್ ಬತ್ತದೆ?" ಎಂದರು.

ಯಾವ ಕಾದಂಬರಿಯ ಕೊಲೆಗಾರನನ್ನೂ ಹಿಡಿಯಲಾಗದ ಅಜ್ಜಿ ನನ್ನನ್ನು ಒಂದೇ ಮಾತಿಗೆ ಹಿಡಿದಿದ್ದರು. ನಾಚಿಕೆಯಿಂದ ಎಲ್ಲ ಒಪ್ಪಿಕೊಂಡೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ನಾನ್ ಸೋತಿದ್ರೂ ಚಿಂತಿಲ್ಲ ಮಗಾ. ನಿಜ್ವಾದ್ ಕೊನೆ ಸಿಕ್ಕಿದ್ ದಿನ ಓದಿ ಹೇಳು," ಎಂದರು.

ಬೇಲೂರು, ಹಾಸನ ಎಲ್ಲ ಕಡೆ ಕೇಳಿದೆ. ಸಿಗಲಿಲ್ಲ. ಅಜ್ಜಿ ಹಾಸಿಗೆ ಹಿಡಿದ ಮೇಲೂ ನಾನು ಒಳಗೆ ಬಂದ ಸದ್ದಾದರೆ ಸಾಕು, ಸಿಕ್ತಾ ಎಂದು ಕೇಳುತ್ತಿದ್ದರು. ಹಾಗೆ ಕೇಳುತ್ತಲೇ ಒಂದು ಮಾಘದಲ್ಲಿ ಲಿಂಗೈಕ್ಯರಾದರು. ಅವರಷ್ಟು ಪ್ರೀತಿಯಿಂದ ನನ್ನ ಜೊತೆ ಜಗಳವಾಡಿದವರು ಆಮೇಲೆ ಯಾರೂ ಸಿಗಲಿಲ್ಲ.

ಮೊನ್ನೆ ಆ ನೆಲದ ಮೇಲೆ ಕೂತೇ ಕೊನೆಯ ಅಧ್ಯಾಯ ಓದಿದೆ. ನನಗೇ ಗೊತ್ತಿಲ್ಲದೆ ಗಟ್ಟಿಯಾಗಿ ಓದುತ್ತಿದ್ದೆನಂತೆ. ನಾದಿನಿ ಅಡುಗೆಮನೆಯಿಂದ ಬಂದು, "ಯಾಕತ್ಗೆ ಅಳ್ತಿದೀರ?" ಎಂದಳು.

ಕೊಂದವನು ವೈದ್ಯನೇ ಕಣೇ ಎಂದೆ. ಅವಳಿಗೆ ಏನೂ ಅರ್ಥವಾಗಲಿಲ್ಲ. ಅಷ್ಟು ವರ್ಷಗಳಲ್ಲಿ ಅಜ್ಜಿ ಗೆದ್ದದ್ದು ಅದೊಂದೇ ಸಲ, ಆ ಬೆಲ್ಲವನ್ನೂ ನಾನೇ ತಿಂದಿದ್ದೆ.