ಗಿರಣಿಯ ಪಕ್ಕದ ಮನೆ

ಹರಿಹರದ ಆ ಓಣಿಯಲ್ಲಿ ಕಮಲಕ್ಕನ ಹಿಟ್ಟಿನ ಗಿರಣಿ ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಪಕ್ಕದ ಶಿವಯೋಗಪ್ಪನವರ ಮನೆಯಲ್ಲಂತೂ ಕಪಾಟಿನ ಲೋಟಗಳೇ ನಡುಗುತ್ತಿದ್ದವು. ಕಮಲಕ್ಕನ ಗಂಡ ತೀರಿಕೊಂಡಾಗ ನೆಂಟರೆಲ್ಲ, "ಹೆಣ್ಣುಮಗಳಿಗೆ ಇದು ಆಗೋದಲ್ಲ, ಮಾರಿಬಿಡು" ಎಂದಿದ್ದರು. ಆಗ ಅವಳ ಜೊತೆ ಕರೆಂಟಿನ ಆಫೀಸಿಗೆ ನಾಲ್ಕು ಸಲ ಅಲೆದು, ಮೀಟರು ಅವಳ ಹೆಸರಿಗೆ ಮಾಡಿಸಿಕೊಟ್ಟವರು ಶಿವಯೋಗಪ್ಪನವರೇ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಅವರು ಆ ಸದ್ದಿಗೆ ಮುಖ ಗಂಟು ಹಾಕಿದ್ದಿಲ್ಲ.

ಹಾಗಾಗಿ, ಮನೆ ಮಾರಲು ಹೊರಟ ಅವರು ಒಂದು ಮಾತು ಕೇಳಿದಾಗ ಇಲ್ಲ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ.

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಮಗಳ ಮನೆಯ ಎದುರಿಗೇ ಅವರಿಗೊಂದು ಮನೆ ಒಪ್ಪಿಗೆಯಾಗಿತ್ತು. ಇದನ್ನು ಮಾರಿದರಷ್ಟೇ ಅದು. ಹರಿಹರದ ಮನೆ ನೋಡಲು ಬಂದ ಮೂರು ಮಂದಿಯೂ ಹಿತ್ತಲು ಮೆಚ್ಚಿ, ಬಾವಿ ಮೆಚ್ಚಿ, ಗಿರಣಿಯಲ್ಲಿ ಮೆಣಸಿನಕಾಯಿ ಹಾಕಿದ ಗಳಿಗೆಗೆ ಸೀನುತ್ತ ಹೊರಟುಹೋಗಿದ್ದರು.

"ಕಮಲಾ, ತಪ್ಪು ತಿಳೀಬ್ಯಾಡ," ಎಂದರು ಶಿವಯೋಗಪ್ಪ. "ಮನೆ ನೋಡಾಕ ಯಾರಾದ್ರೂ ಬಂದಾಗ ಒಂದರ್ಧ ತಾಸು ಬಂದ್ ಮಾಡ್ತೀಯೇನು? ಮೊದ್ಲೇ ಫೋನ್ ಮಾಡ್ತೀನಿ."

"ಅದಕ್ಕೇನಣ್ಣ, ಮಾಡಿದ್ರಾತು."

ಮುಂದಿನ ಭಾನುವಾರ ಫೋನ್ ಬಂತು. ಕಮಲಕ್ಕ ಮೋಟಾರು ನಿಲ್ಲಿಸಿ, ಕಾಯುತ್ತಿದ್ದವರಿಗೆ ಕರೆಂಟು ಹೋಯಿತೆಂದಳು. ಒಬ್ಬಾಕೆ ತಲೆಯ ಮೇಲೆ ಉರಿಯುತ್ತಿದ್ದ ಬಲ್ಬು ನೋಡಿ ನಕ್ಕಳು. ಕಮಲಕ್ಕ ಶಟರ್ ಎಳೆದು ಹೊರಗೆ ಬಂದು ನಿಂತಳು. ಮನೆ ನೋಡಲು ಬಂದವರು ಅಶ್ವಥ್, ಕೀರ್ತನಾ ಎಂಬ ಗಂಡ ಹೆಂಡತಿ. ಗಂಡ ಒಳಗೆ ಮಾತಾಡುತ್ತಿದ್ದಾಗ ಕೀರ್ತನಾ ಅಂಗಳಕ್ಕೆ ಬಂದಳು.

"ಅಕ್ಕಾರೆ, ಈ ಓಣಿ ಭಾಳ ಶಾಂತ ಐತೆ ಅಲ್ಲ? ನಾನು ಆಸ್ಪತ್ರೆಯಾಗ ನರ್ಸು, ರಾತ್ರಿ ಡ್ಯೂಟಿ. ದಾವಣಗೆರೆ ಪಿ.ಜೆ. ಬಡಾವಣೆಯಾಗ ಮೆಡಿಕಲ್ ಅಂಗಡಿ ಮ್ಯಾಲೆ ಬಾಡಿಗೆಗೆ ಅದೀವಿ. ಆಟೋ ಹಾರನ್ನಿಗೆ ಹಗಲು ಕಣ್ಣು ಮುಚ್ಚಾಕ ಆಗಲ್ಲ."

ಹಿಟ್ಟು ಮೆತ್ತಿದ ಕೈಗಳನ್ನು ಸೆರಗಿನಡಿ ಅಡಗಿಸಿಕೊಂಡು ಕಮಲಕ್ಕ, "ಹೂನವ್ವ" ಎಂದುಬಿಟ್ಟಳು.

ಆ ಒಂದು ಮಾತು ಅವಳನ್ನು ಕೂರಲು ಬಿಡಲಿಲ್ಲ, ನಿಲ್ಲಲು ಬಿಡಲಿಲ್ಲ. ಯಾರದೋ ಜೋಳದ ಹಿಟ್ಟಿಗೆ ಯಾರದೋ ಗೋಧಿ ಸುರಿದಳು. ಅನ್ನ ಸೀದು ಹೋಯಿತು. ಗುರುವಾರ ಶಿವಯೋಗಪ್ಪನವರ ಜಗಲಿಗೆ ಹೋದಳು.

"ಅಣ್ಣಾ, ಆ ಹುಡುಗಿ ಹಗಲು ಮಲಗಾಕಿ. ಹೇಳಿಬಿಡ್ರಿ."

"ಬಂದ ಮ್ಯಾಲೆ ರೂಢಿ ಆಗ್ತೈತೆ. ನಾವು ಬದುಕಿಲ್ಲೇನು? ಸೋಮವಾರ ಅಗ್ರಿಮೆಂಟ್ ಐತೆ, ನೀ ಸುಮ್ಮನಿರು."

ಶುಕ್ರವಾರ ಗಿರಣಿಗೆ ಬೀಗ ಹಾಕಿ ಅವಳು ದಾವಣಗೆರೆ ಬಸ್ಸು ಹತ್ತಿದಳು. ದಾರಿಯಲ್ಲಿ ಇಳಿದು ಹಿಂದಕ್ಕೆ ಹೋಗಬೇಕೆಂದು ಎರಡು ಸಲ ಎದ್ದು ನಿಂತು ಮತ್ತೆ ಕುಳಿತಳು. ಪಿ.ಜೆ. ಬಡಾವಣೆಯಲ್ಲಿ ನಾಲ್ಕು ಮೆಡಿಕಲ್ ಅಂಗಡಿಗಳಲ್ಲಿ ವಿಚಾರಿಸಿ ಮೆಟ್ಟಿಲು ಹತ್ತುವಷ್ಟರಲ್ಲಿ ಹನ್ನೊಂದಾಗಿತ್ತು. ಬಾಗಿಲು ತೆಗೆದ ಕೀರ್ತನಾಳ ಕಣ್ಣುಗಳು ಕೆಂಪಗಿದ್ದವು. ಆಗತಾನೆ ನಿದ್ದೆ ಹತ್ತಿತ್ತು.

"ನಾನೂ ಎಬ್ಬಿಸಿಬಿಟ್ಟೆ ನೋಡವ್ವ," ಎಂದಳು ಕಮಲಕ್ಕ ಬಾಗಿಲಲ್ಲೇ ನಿಂತು. "ಅವತ್ತು ನಾ ಹೂನವ್ವ ಅಂದಿದ್ದು ಸುಳ್ಳು. ಆ ಮನೆ ಪಕ್ಕದಾಗ ಐತಲ್ಲ, ಅದು ನನ್ನ ಗಿರಣಿ. ಎಂಟಕ್ಕ ಶುರು ಮಾಡಿದ್ರ ಸಂಜೀತನ ನಿಲ್ಲಂಗಿಲ್ಲ. ನೀವು ಬರ್ತೀರಂತ ಬಂದ್ ಮಾಡಿದ್ದೆ."

ಕೀರ್ತನಾ ಕೆದರಿದ ಕೂದಲು ಹಿಂದಕ್ಕೆ ಸರಿಸಿಕೊಂಡಳು. "ಅವ್ರು ಹೇಳಿದ್ರಾ, ಬಂದ್ ಮಾಡು ಅಂತ?"

"ಮಾಡಿದ ಕೈ ನಂದವ್ವ."

ಆ ವ್ಯಾಪಾರ ಮುರಿಯಿತು. ತಾನೇ ಹೋಗಿ ಹೇಳಿ ಬಂದದ್ದೆಂದು ಕಮಲಕ್ಕ ಅಂದೇ ಸಂಜೆ ಶಿವಯೋಗಪ್ಪನವರಿಗೆ ತಿಳಿಸಿದಳು. ಅವರು ಕೂಗಾಡಲಿಲ್ಲ. "ನಿನ್ನ ಹೊಟ್ಟೆಪಾಡಿಗೆ ನಾ ಅಡ್ಡ ಬರ್ಲಿಲ್ಲ, ಕಮಲಾ," ಎಂದಷ್ಟೇ ಹೇಳಿ ಒಳಗೆ ಹೋದರು. ಮರುವಾರ ಅವರ ಹೆಂಡತಿ ಶಕುಂತಲಮ್ಮ ಜೋಳದ ಡಬ್ಬಿ ಹಿಡಿದು, ಗಿರಣಿಯ ಮುಂದೆಯೇ ಹಾದು, ಎರಡು ಓಣಿ ಆಚೆಯ ಗಿರಣಿಗೆ ಹೋದರು. ಎಸ್.ಎಸ್. ಬಡಾವಣೆಯ ಮನೆ ಬೇರೆಯವರ ಪಾಲಾಯಿತು.

ಆಮೇಲಿನ ಆರು ತಿಂಗಳು ಕಮಲಕ್ಕನಿಗೆ ಸಮಾಧಾನವೆಂಬುದಿರಲಿಲ್ಲ. ಓಣಿಯಲ್ಲಿ ಅಪರಿಚಿತರು ನಿಂತರೆ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಗುತ್ತಿತ್ತು. ಗಿರಣಿಯನ್ನೇ ಕಿತ್ತು ಊರಾಚೆ ಹಾಕೋಣವೆಂದು ಕೊಂಡಜ್ಜಿ ರಸ್ತೆಯಲ್ಲೊಂದು ಶೆಡ್ಡು ನೋಡಿ ಬಂದಳು. ಹಿಟ್ಟು ಬೀಸಿಸಲು ಅಷ್ಟು ದೂರ ಯಾರು ಹೊತ್ತು ಬಂದಾರು?

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಇಬ್ಬರು ಹೆಂಗಸರು ಹೇಳದೆ ಕೇಳದೆ ಮನೆ ನೋಡಲು ಬಂದರು. ಗಿರಣಿ ಮೆಣಸಿನಕಾಯಿ ಕುಟ್ಟುತ್ತಿತ್ತು. ಚಿಕ್ಕವಳು, ನಯನಾ, ಮೂರು ಸಲ ಸೀನಿ, ಮೂಗು ಒರೆಸಿಕೊಂಡು ಗಿರಣಿಯ ಒಳಗೇ ಬಂದಳು. ಜೋಳದ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ನಾವು ಖಾನಾವಳಿಗಳಿಗೆ ರೊಟ್ಟಿ ಮಾಡಿ ಕೊಡ್ತೀವ್ರಿ. ದಿನಾ ಮೂವತ್ತು ಕಿಲೋ ಇಷ್ಟೇ ಸಣ್ಣಗ ಬೀಸಿ ಕೊಡ್ತೀರೇನು?"

"ಬೀಸ್ತೀನಿ. ಮೊದ್ಲು ಆ ಮನ್ಯಾಗ ಹೋಗಿ ಕೂಡ್ರಿ. ಒಂದು ತಾಸು ಕೂಡ್ರಿ. ನಾ ಇದನ್ನ ನಿಲ್ಸಲ್ಲ. ಆಮ್ಯಾಲೆ ಹೇಳ್ರಿ."

ಅವರು ಕುಳಿತರು. ತಾಸಿನ ನಂತರ ಹೊರಗೆ ಬಂದ ನಯನಾ ಜೋರಾಗಿ ಕೂಗಿ ಹೇಳಬೇಕಾಯಿತು: "ನಮ್ಮ ರೊಟ್ಟಿ ಬಡಿಯೋ ಸದ್ದು ನೀವು ತಡ್ಕಂಡ್ರ, ನಿಮ್ದು ನಾವು ತಡ್ಕಂತೀವಿ!"

ಮನೆ ಮಾರಾಟವಾಯಿತು, ಅಶ್ವಥ್ ಒಪ್ಪಿದ್ದಕ್ಕಿಂತ ಸ್ವಲ್ಪ ಕಡಿಮೆಗೆ. ಶಿವಯೋಗಪ್ಪನವರಿಗೆ ಮಗಳ ಮನೆಯಿಂದ ಎರಡು ಬೀದಿ ದೂರದಲ್ಲಿ ಚಿಕ್ಕ ಮನೆಯೊಂದು ಸಿಕ್ಕಿತು. ಹೊರಡುವ ದಿನ ಶಕುಂತಲಮ್ಮ ಬಂದು ಕಮಲಕ್ಕನ ಕೈ ಹಿಡಿದು ಕಣ್ಣೀರು ಹಾಕಿದರು. ಶಿವಯೋಗಪ್ಪ ಲಗೇಜ್ ಗಾಡಿಯ ಹತ್ತಿರವೇ ನಿಂತಿದ್ದರು. ಕಮಲಕ್ಕ ತಾನೇ ಅವರ ಬಳಿಗೆ ಹೋದಳು.

"ಅಣ್ಣಾ, ಸಿಟ್ಟು ಹೋತೇನು?"

"ಇನ್ನೂ ಇಲ್ಲ," ಎಂದರು ಅವರು. "ಹೋದ್ಮ್ಯಾಲೆ ಫೋನ್ ಮಾಡ್ತೀನಿ."

ಈಗ ಬೆಳಗಿನ ಐದಕ್ಕೇ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಕಮಲಕ್ಕ ಆ ಕಡೆ ಈ ಕಡೆ ಹೊರಳಿ, ಕೊನೆಗೆ ಎದ್ದು ಚಹಾ ಕಾಸಿಕೊಂಡು ಕಟ್ಟೆಯ ಮೇಲೆ ಕೂರುತ್ತಾಳೆ. ಶಿವಯೋಗಪ್ಪನವರ ಕರೆ ಇನ್ನೂ ಬಂದಿಲ್ಲ, ಫೋನು ಪಕ್ಕದಲ್ಲೇ ಇರುತ್ತದೆ. ಅಣ್ಣ ಈ ಹೊತ್ತಿಗೆ ಎದ್ದಿರುತ್ತಾರೆಂದು ಅವಳಿಗೆ ಗೊತ್ತು.