ಬಾದಾಮಿಯ ಹೆಸರು ಹೇಳಿ ಇಳಕಲ್ಲಿಗೆ

ಬಾದಾಮಿಯ ಗುಹೆ ನೋಡಿ ಬರುತ್ತೇನೆಂದು ಸುಳ್ಳು ಹೇಳಿ ರಜೆ ಪಡೆದು, ಶುಕ್ರವಾರ ಸಂಜೆ ಪುಣೆಯಲ್ಲಿ ಬಸ್ಸು ಹತ್ತಿದೆ. ನಿಜಕ್ಕೂ ಹೊರಟಿದ್ದು ಇಳಕಲ್ಲಿಗೆ, ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದ ಈರಣ್ಣನ ಕ್ಷಮೆ ಕೇಳಲು. ಹಾಗೆಂದು ಕಾರ್ಖಾನೆಯಲ್ಲಿ ಬಾಯಿಬಿಟ್ಟು ಹೇಳುವಷ್ಟು ದೊಡ್ಡ ಮನಸ್ಸು ನನಗೆಲ್ಲಿತ್ತು? ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಸೂಪರ್‌ವೈಜರ್ ನಾನು.

ನಮ್ಮದು ಕಾರು ತಯಾರಿಸುವ ಕಾರ್ಖಾನೆ. ತಪ್ಪು ಕಂಡವರು ಯಾರೇ ಇರಲಿ, ತಲೆಯ ಮೇಲಿನ ಹಗ್ಗ ಎಳೆದರೆ ಕಾರು ಜೋಡಿಸುವ ಇಡೀ ಲೈನು ನಿಲ್ಲುತ್ತದೆ, ಸರಿಮಾಡಿಯೇ ಮುಂದೆ. ಇದು ಹಳೆಯ ಪದ್ಧತಿ. 2005ರ ಸುಮಾರಿಗೆ ಅದರ ಜೊತೆ ಕಂಪ್ಯೂಟರ್ ಬಂತು. ಪ್ರತಿ ಬೋಲ್ಟಿನ ಬಿಗಿಯನ್ನು ತಾನೇ ಅಳೆದು, ಸರಿಯಿದ್ದರೆ ಪರದೆಯ ಮೇಲೆ ಹಸಿರು ತೋರಿಸುತ್ತಿತ್ತು. ಈ ಪ್ರಯಾಣಕ್ಕೆ ಕೆಲವು ವಾರ ಮೊದಲು ಒಂದು ದಿನ ಪರದೆ ಹಸಿರಿದ್ದಾಗಲೇ ಈರಣ್ಣ ಹಗ್ಗ ಎಳೆದ. ಸೀಟಿನ ಬೋಲ್ಟು ತೋರಿಸಿ, "ಕೈಗೆ ಬ್ಯಾರೆ ಅನಸಾಕತ್ತೈತ್ರಿ" ಎಂದ. ನಾನು ನಲವತ್ತು ಜನರ ಮುಂದೆ ಅವನನ್ನು ಬೈದು ಲೈನು ಓಡಿಸಿದೆ. ಮರುದಿನವೇ ಅವನು ಕೆಲಸ ಬಿಟ್ಟು ಊರಿಗೆ ಹೋದ. ಕೊನೆಯ ತಪಾಸಣೆಯಲ್ಲಿ ಆ ಸೀಟು ಅಲುಗಾಡಿತು. ಬೋಲ್ಟು ಸೊಟ್ಟಗೆ ಹತ್ತಿ ಬಿಗಿಯಾಗಿತ್ತು; ಪರದೆಗೆ ಬಿಗಿ ಮಾತ್ರ ಕಂಡಿತ್ತು. ಬೇರೆಯದು ಹಾಕಿಸಿ ಸುಮ್ಮನಾದೆ.

ಬೆಳಗ್ಗೆ ಬಾಗಲಕೋಟೆಯಲ್ಲಿ ಇಳಿದಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಗಿರಮಿಟ್ಟು ತಿಂದು ಚಹಾ ಕುಡಿಯುತ್ತಿದ್ದರೆ ಪಕ್ಕದ ಬಸ್ಸಿನ ಕಂಡಕ್ಟರ್, "ಬಾದಾಮಿ, ಬಾದಾಮಿ, ಬರ್ರಿ" ಎಂದು ಕರೆಯುತ್ತಿದ್ದ. ಹತ್ತಿಬಿಡಲೇ ಎನಿಸಿದ್ದು ಸುಳ್ಳಲ್ಲ. ಕಡೆಗೆ ಹುನಗುಂದದ ಬಸ್ಸು ಹತ್ತಿದೆ. ಶಿರೂರು, ಕಮತಗಿ ದಾಟಿ ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕೊಂಡೆ. ಹುನಗುಂದದಲ್ಲಿ ಬಸ್ಸು ಬದಲಿಸಿದರೆ ಇಳಕಲ್ ಅರ್ಧ ಗಂಟೆಯ ದಾರಿ.

ವಿಚಾರಿಸುತ್ತ ಮನೆ ಮುಟ್ಟಿದಾಗ ಈರಣ್ಣ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ. "ಬರ್ರಿ ಸಾಹೇಬ್ರ" ಎಂದವನು ಕೈ ನಿಲ್ಲಿಸಲಿಲ್ಲ. ಪಕ್ಕದ ಮಗ್ಗದಲ್ಲಿ ಅವನ ತಾಯಿ ಗೌರವ್ವ ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಸೀರೆಯ ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದರು. ಕಣ್ಣು ನನ್ನ ಮೇಲೆ, ಬೆರಳು ಎಳೆಯ ಮೇಲೆ. ಎದ್ದು ಬಂದು ರೊಟ್ಟಿ, ಹೆಸರುಕಾಳಿನ ಪಲ್ಲೆ, ಶೇಂಗಾ ಚಟ್ನಿ ಬಡಿಸಿದರು. ಉಂಡು ಮಗ್ಗದ ಬಳಿ ಕೂತೆ. ಬಂದ ವಿಷಯ ಬಿಟ್ಟು ಸೀರೆಯ ಬೆಲೆ ಕೇಳಿದೆ.

ಒಮ್ಮೆಲೇ ಒಂದು ಎಳೆ ಕಡಿದಂತೆ ಕಂಡಿತು. "ನಿಲ್ಲಸು" ಎಂದುಬಿಟ್ಟೆ. ಈರಣ್ಣ ತಕ್ಷಣ ನಿಲ್ಲಿಸಿದ. ಗೌರವ್ವ ಬಂದು ಬಗ್ಗಿ ನೋಡಿದರು. ಏನೂ ಆಗಿರಲಿಲ್ಲ, ಮೇಲಿನ ಜಂತಿಯ ನೆರಳು. ನನಗೆ ನಾಚಿಕೆಯಾಯಿತು.

"ಇರ್ಲಿ ಬಿಡ್ರಿ," ಎಂದರು ಗೌರವ್ವ. "ನಮ್ಮ ಮನ್ಯಾಗ ಯಾರ ನಿಲ್ಲಸಂದ್ರೂ ನಿಲ್ಲಸ್ತೇವಿ. ಒಮ್ಮಿ ಬೈದ್ರ ಮುಂದ ಯಾರೂ ಬಾಯಿ ಬಿಡೂದಿಲ್ಲ."

ಮಗ ಬೈಸಿಕೊಂಡು ಬಂದದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ಇನ್ನು ತಡೆಯಲಾಗಲಿಲ್ಲ.

"ತಪ್ಪು ನಂದು, ಈರಣ್ಣ. ಬೋಲ್ಟು ಸೊಟ್ಟ ಇತ್ತು. ಹೊಳ್ಳಿ ಬಾ."

ಅವನು ಲಾಳಿ ಕೆಳಗಿಟ್ಟ. "ಬೈದದ್ದು ನಲವತ್ತು ಮಂದಿ ಮುಂದ್ರಿ. ಇಲ್ಲೆ ನಾನು, ನಮ್ಮವ್ವ ಇಬ್ಬರ ಅದೇವಿ. ಸೀರಿ ಮುಗಿಸಿ, ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಬರ್ತೇನಿ. ಅಲ್ಲೆ ಅವರ ಮುಂದ ಹೇಳಿದ್ರ ಇರ್ತೇನಿ, ಇಲ್ಲಾಂದ್ರ ಸಂಜಿ ಬಸ್ಸಿಗೆ ಊರಿಗೆ ಹೊಂಡ್ತೇನಿ."

ನಾನು ಚೀಲ ಹೆಗಲಿಗೇರಿಸಿದೆ. ಗೌರವ್ವ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟು ಬಾಗಿಲತನಕ ಬಂದರು. "ಇಂವಗ ಸಿಟ್ಟು ಭಾಳ್ರಿ, ನಿಮ್ಮಂಗ" ಎಂದು ನಕ್ಕರು. ಆ ತಾಯಿಯ ಮೇಲೆ ಬಹಳ ಪ್ರೀತಿ ಬಂತು.

ಕಾರ್ಖಾನೆಯಲ್ಲಿ ವಾರವಿಡೀ ಬಾದಾಮಿ ಹೇಗಿತ್ತೆಂದು ಕೇಳಿದವರಿಗೆಲ್ಲ, ಚೆನ್ನಾಗಿತ್ತು, ಬಿಸಿಲು ಜಾಸ್ತಿ ಎಂದೆ. ಸೋಮವಾರ ಬಂತು. ಈರಣ್ಣ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ತನ್ನ ಜಾಗದಲ್ಲಿ ನಿಂತಿದ್ದ. ಪರದೆಗಳೆಲ್ಲ ಹಸಿರಾಗಿದ್ದವು. ನಾನು ಕೈಯೆತ್ತಿ ಹಗ್ಗ ಎಳೆದೆ. ಲೈನು ನಿಂತಿತು, ಎಲ್ಲರೂ ನನ್ನತ್ತ ತಿರುಗಿದರು.

"ನಾನು ಬಾದಾಮಿಗೆ ಹೋಗಿರಲಿಲ್ಲ" ಎಂದು ಶುರುಮಾಡಿದೆ.